ದಾರಿ ಹುಡುಕುವ ಮಿದುಳು: ಫೋನಿನ ನಕ್ಷೆ, ನಮ್ಮ ನೆನಪು ಮತ್ತು ಮನೆಯ ಹಿರಿಯರು

*ಹೊರನಾಡ ಕನ್ನಡ ಕುಟುಂಬಗಳಿಗಾಗಿ ಆರೋಗ್ಯ ಮಾಹಿತಿ*
*ಸ್ವಲ್ಪ ಉದ್ದವಿದೆ. ಬಿಡುವಾದಾಗ ಪೂರ್ತಿ ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ.*



ಮುಂದೆ ಓದುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ನಿಮ್ಮ ಮನೆಯಿಂದ ಹತ್ತಿರದ ರೈಲು ಅಥವಾ ಮೆಟ್ರೋ ಸ್ಟೇಷನ್ನಿಗೆ ಹೋಗುವ ದಾರಿಯ ನಕ್ಷೆ ಬರೆಯಿರಿ. ಎಲ್ಲೆಲ್ಲಿ ತಿರುಗಬೇಕು, ತಿರುವಿನಲ್ಲಿ ಯಾವ ಅಂಗಡಿ ಇದೆ, ಉತ್ತರ ಯಾವ ಕಡೆ, ಎಲ್ಲ ಗುರುತು ಹಾಕಿ. ಫೋನ್ ಮುಟ್ಟುವ ಹಾಗಿಲ್ಲ.

ಸಲೀಸಾಗಿ ಬರೆದಿರಾದರೆ ಸಂತೋಷ. ಹತ್ತು ವರ್ಷದಿಂದ ಇರುವ ಬಡಾವಣೆಯಲ್ಲೂ ಎರಡನೇ ತಿರುವಿನ ಹೊತ್ತಿಗೆ ಪೆನ್ನು ನಿಂತುಬಿಟ್ಟರೆ ಗಾಬರಿ ಬೇಡ, ಇದು ಈಗ ಬಹಳ ಜನರ ಕಥೆ. ಈಗ ಅದೇ ಹಾಳೆಯನ್ನು ಊರಿನಿಂದ ಬಂದು ನಿಮ್ಮ ಜೊತೆ ಇರುವ ಅಪ್ಪ, ಅಮ್ಮ, ಅತ್ತೆ ಅಥವಾ ಮಾವನ ಕೈಗೆ ಕೊಟ್ಟು ನೋಡಿ. ಅವರಿಗೆ ಈ ಹೊಸ ಊರು ಎಷ್ಟು ಗೊತ್ತು ಎಂಬುದು ಅಲ್ಲೇ ತಿಳಿಯುತ್ತದೆ.

ದಾರಿ ಗೊತ್ತಿರುವುದಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎನ್ನುತ್ತೀರಾ? ನೆನಪಿಗೆ ಮುಖ್ಯವಾದ ಮಿದುಳಿನ ಭಾಗವೇ ದಾರಿಯನ್ನೂ ನೋಡಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಮರೆಗುಳಿ ಕಾಯಿಲೆ ಮೊದಲು ಕೈಹಾಕುವ ಜಾಗಗಳಲ್ಲಿ ಅದೂ ಒಂದು.

*1. ತಲೆಯೊಳಗಿನ ನಕ್ಷೆ*

ನಮ್ಮ ಮಿದುಳಿನಲ್ಲಿ ಎರಡೂ ಕಿವಿಗಳ ಒಳಭಾಗದ ಆಳದಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಆಕಾರ ಕಡಲಕುದುರೆಯಂತೆ ಇರುವುದರಿಂದ ಆ ಹೆಸರು. ಇಂದು ಬೆಳಿಗ್ಗೆ ಏನಾಯಿತು, ನಿನ್ನೆ ಯಾರು ಬಂದಿದ್ದರು ಎಂಬ ಹೊಸ ನೆನಪುಗಳು ಗಟ್ಟಿಯಾಗುವುದು ಇದರ ನೆರವಿನಿಂದ. ನಾವು ಎಲ್ಲಿದ್ದೇವೆ, ಮನೆ ಯಾವ ಕಡೆ ಎಂಬ ಲೆಕ್ಕವೂ ಇದರದ್ದೇ.

1971ರಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ವಿಶೇಷ ಕೋಶಗಳನ್ನು ಗುರುತಿಸಿದರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಚುರುಕಾಗುತ್ತಿತ್ತು, ಬೇರೆ ಜಾಗಕ್ಕೆ ಹೋದಾಗ ಇನ್ನೊಂದು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅದರ ಪಕ್ಕದ ಭಾಗದಲ್ಲಿ, ಗ್ರಾಫ್ ಹಾಳೆಯ ಗೆರೆಗಳಂತೆ ದೂರ ಅಳೆಯುವ ಕೋಶಗಳನ್ನು ಕಂಡುಹಿಡಿದರು. ಈ ಮೂವರಿಗೂ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆಲ್‌ಝೈಮರ್ ಕಾಯಿಲೆಯಲ್ಲಿ ಆರಂಭದಲ್ಲೇ ಹಾನಿಗೊಳಗಾಗುವುದು ಇದೇ ನೆರೆಹೊರೆ. ಹಾಗಾಗಿಯೇ ಆ ಕಾಯಿಲೆ ಇರುವವರು ಬೇಗ ದಾರಿ ತಪ್ಪುತ್ತಾರೆ.

*2. ಲಂಡನ್ ಟ್ಯಾಕ್ಸಿ ಚಾಲಕರು ತೋರಿಸಿಕೊಟ್ಟದ್ದು*

ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸಲು ಕಠಿಣ ಪರೀಕ್ಷೆ ಪಾಸಾಗಬೇಕು. ಚೇರಿಂಗ್ ಕ್ರಾಸ್ ಎಂಬ ನಡುಭಾಗದಿಂದ ಆರು ಮೈಲಿ ತ್ರಿಜ್ಯದೊಳಗಿರುವ ಸುಮಾರು 25,000 ರಸ್ತೆಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ತಯಾರಿಗೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ.

ಎಲಿನಾರ್ ಮೆಗ್ವೈರ್ ಎಂಬ ವಿಜ್ಞಾನಿ ಮತ್ತು ಅವರ ತಂಡ 2000ದಲ್ಲಿ ಇಂಥ 16 ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರಿಗಿಂತ ದೊಡ್ಡದಾಗಿತ್ತು. ಹೆಚ್ಚು ವರ್ಷ ಟ್ಯಾಕ್ಸಿ ಓಡಿಸಿದವರಲ್ಲಿ ಇನ್ನೂ ದೊಡ್ಡದು. ದೊಡ್ಡ ಹಿಪೊಕ್ಯಾಂಪಸ್ ಇದ್ದವರೇ ಈ ಕೆಲಸಕ್ಕೆ ಬಂದರೇನೋ ಎಂಬ ಅನುಮಾನ ಸಹಜ. ಅದಕ್ಕಾಗಿ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ತರಬೇತಿಗೆ ಆಗತಾನೇ ಸೇರಿದ 79 ಜನರನ್ನು ಮೊದಲೊಮ್ಮೆ, ವರ್ಷಗಳ ನಂತರ ಮತ್ತೊಮ್ಮೆ ಪರೀಕ್ಷಿಸಿದರು. ಮೊದಲು ಎಲ್ಲರೂ ಒಂದೇ ಸಮ ಇದ್ದರು. ಕೊನೆಯಲ್ಲಿ ಪಾಸಾದ 39 ಜನರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ದೊಡ್ಡವರಾದ ಮೇಲೂ ಮಿದುಳು ಬೆಳೆಯಬಲ್ಲದು ಎನ್ನುವುದಕ್ಕೆ ಇದು ದೊಡ್ಡ ಸಾಕ್ಷಿ.

ಅದೇ ಲಂಡನ್ನಿನಲ್ಲಿ ದಿನವೂ ಅದೇ ರೂಟಿನಲ್ಲಿ ಹೋಗಿ ಬರುವ ಬಸ್ ಚಾಲಕರಲ್ಲಿ ಈ ಬದಲಾವಣೆ ಕಾಣಲಿಲ್ಲ. ಗಾಡಿ ಓಡಿಸುವುದರಿಂದ ಲಾಭ ಬರುವುದಿಲ್ಲ, ದಾರಿ ಯೋಚಿಸುವುದರಿಂದ ಬರುತ್ತದೆ.

2024ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇನ್ನೊಂದು ವರದಿ ಬಂತು. ಅಮೆರಿಕದಲ್ಲಿ ತೀರಿಕೊಂಡ ಸುಮಾರು 90 ಲಕ್ಷ ಜನರ ಮರಣ ದಾಖಲೆಗಳನ್ನು 443 ವೃತ್ತಿಗಳ ಪ್ರಕಾರ ವಿಂಗಡಿಸಿ ನೋಡಿದಾಗ, ಆಲ್‌ಝೈಮರ್‌ನಿಂದ ಸತ್ತವರ ಪ್ರಮಾಣ ಟ್ಯಾಕ್ಸಿ ಮತ್ತು ಆಂಬ್ಯುಲೆನ್ಸ್ ಚಾಲಕರಲ್ಲಿ ಎಲ್ಲರಿಗಿಂತ ಕಡಿಮೆ ಇತ್ತು. ವಯಸ್ಸು ಮುಂತಾದವನ್ನು ಸರಿದೂಗಿಸಿದ ಮೇಲೆ ಅದು ಶೇಕಡಾ 1ರ ಆಸುಪಾಸು, ಒಟ್ಟು ಜನರಲ್ಲಿ ಶೇಕಡಾ 1.69. ಬಸ್ ಚಾಲಕರಲ್ಲಿ, ವಿಮಾನ ಪೈಲಟ್‌ಗಳಲ್ಲಿ ಈ ವ್ಯತ್ಯಾಸ ಇರಲಿಲ್ಲ. ಆದರೆ ದಾರಿ ಯೋಚಿಸಿದ್ದರಿಂದಲೇ ಕಾಯಿಲೆ ಬರಲಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಸಂಶೋಧಕರೂ ಹಾಗೆ ಹೇಳಿಲ್ಲ. "ನಕ್ಷೆ ಓದಿದರೆ ಮರೆವು ಮಾಯ" ಎಂಬ ಸಂದೇಶ ಯಾರಾದರೂ ಕಳಿಸಿದರೆ ನಂಬಬೇಡಿ.

*3. ಫೋನ್ ದಾರಿ ಹೇಳುವಾಗ ಮಿದುಳು ಏನು ಮಾಡುತ್ತದೆ?*

"ಇನ್ನೂರು ಮೀಟರ್ ಮುಂದೆ ಎಡಕ್ಕೆ ತಿರುಗಿ." ನಾವು ತಿರುಗುತ್ತೇವೆ. ಯೋಚಿಸಬೇಕಾದ್ದು ಏನೂ ಉಳಿದಿಲ್ಲ.

2017ರಲ್ಲಿ ಲಂಡನ್ನಿನ ಸೋಹೊ ಬಡಾವಣೆಯ ರಸ್ತೆಗಳನ್ನು ಪರದೆಯ ಮೇಲೆ ತೋರಿಸಿ, 24 ಜನರನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಪರೀಕ್ಷೆ ಮಾಡಿದರು. ತಾವೇ ದಾರಿ ಹುಡುಕುವಾಗ, ಹೊಸ ಬೀದಿಗೆ ಬಂದಂತೆಲ್ಲ ಹಿಪೊಕ್ಯಾಂಪಸ್ ಮತ್ತು ಯೋಜನೆ ಮಾಡುವ ಮುಂಭಾಗದ ಮಿದುಳು ಚುರುಕಾಗುತ್ತಿದ್ದವು. ಯಂತ್ರ ದಾರಿ ಹೇಳಿದಾಗ ಆ ಚಟುವಟಿಕೆ ಕಾಣಲಿಲ್ಲ. 2020ರಲ್ಲಿ ಕೆನಡಾದಲ್ಲಿ 50 ಚಾಲಕರನ್ನು ಪರೀಕ್ಷಿಸಿದಾಗ, ಜಿಪಿಎಸ್ ಹೆಚ್ಚು ಬಳಸಿದವರ ದಾರಿಯ ನೆನಪು ದುರ್ಬಲವಾಗಿತ್ತು. ಮೂರು ವರ್ಷ ಬಿಟ್ಟು ಅವರಲ್ಲಿ 13 ಜನರನ್ನು ಮತ್ತೆ ನೋಡಿದಾಗ, ಹೆಚ್ಚು ಬಳಸಿದವರಲ್ಲಿ ಅದು ಇನ್ನಷ್ಟು ಬೇಗ ಕುಗ್ಗಿತ್ತು. ಇವು ಸಣ್ಣ ಅಧ್ಯಯನಗಳು. ಆದರೂ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಹಾಗೆಂದು ಫೋನನ್ನು ದೂರ ಇಡಬೇಕಿಲ್ಲ. ರಾತ್ರಿ ಆಸ್ಪತ್ರೆಗೆ ಓಡುವಾಗ, ಗುರುತಿಲ್ಲದ ಊರಿನಲ್ಲಿ, ಟ್ರಾಫಿಕ್ ಜಾಮಿನಲ್ಲಿ ಅದು ದೊಡ್ಡ ಉಪಕಾರಿ. ಲಿಫ್ಟ್ ಇದೆ ಎಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟರೆ ಮೊಣಕಾಲು ಏನಾಗುತ್ತದೋ, ಇಲ್ಲೂ ಹಾಗೆಯೇ ಎಂದುಕೊಳ್ಳಿ.

*4. ನಮ್ಮ ಹಿರಿಯರ ದಿಕ್ಕಿನ ಲೆಕ್ಕ*

ನಮ್ಮ ಕರಾವಳಿಯ ಮನೆಗಳ ಹೆಸರು ನೆನಪಿಸಿಕೊಳ್ಳಿ. ಮೂಡುಮನೆ, ಪಡುಮನೆ, ತೆಂಕುಮನೆ, ಬಡಗುಮನೆ. ಊರುಗಳಲ್ಲಿ ಮೂಡುಬಿದಿರೆ, ಪಡುಬಿದ್ರಿ. ಉಡುಪಿಯಲ್ಲಿ ತೆಂಕುಪೇಟೆ, ಬಡಗುಪೇಟೆ. ಯಕ್ಷಗಾನದಲ್ಲೂ ತೆಂಕುತಿಟ್ಟು, ಬಡಗುತಿಟ್ಟು. ದಿಕ್ಕು ಮಾತಿನಲ್ಲೇ ಬೆರೆತಿದ್ದ ಕಾಲ ಅದು. ಬಯಲುಸೀಮೆಯ ರೈತನೂ ಹೊಲದ ಚೆಕ್ಕುಬಂದಿಯನ್ನು ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂದೇ ಹೇಳುತ್ತಾನೆ.

2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 38 ದೇಶಗಳ ಸುಮಾರು 4 ಲಕ್ಷ ಜನರಿಗೆ ಮೊಬೈಲ್ ಆಟವೊಂದರ ಮೂಲಕ ದಾರಿ ಹುಡುಕಲು ಹೇಳಿದ್ದರು. ನಗರದಲ್ಲಿ ಬೆಳೆದವರಿಗಿಂತ ನಗರದ ಹೊರಗೆ ಬೆಳೆದವರು ಸರಾಸರಿಯಲ್ಲಿ ಚೆನ್ನಾಗಿ ಮಾಡಿದರು. ಅಂದರೆ ಊರಿನಿಂದ ಬಂದ ನಿಮ್ಮ ಅಪ್ಪನ ತಲೆಯಲ್ಲಿ ದಾರಿ ಹುಡುಕುವ ಶಕ್ತಿ ನಿಮಗಿಂತ ಹೆಚ್ಚೇ ಇರಬಹುದು.

ಆದರೆ ಇಲ್ಲಿ ಏನಾಗುತ್ತದೆ? ಹದಿನಾಲ್ಕನೇ ಮಹಡಿಯ ಫ್ಲಾಟು. ಹೊರಗೆ ಗೊತ್ತಿಲ್ಲದ ಭಾಷೆ, ಬೋರ್ಡುಗಳಲ್ಲಿ ಗೊತ್ತಿಲ್ಲದ ಲಿಪಿ. ದೇವಸ್ಥಾನಕ್ಕೂ ಡಾಕ್ಟರ ಹತ್ತಿರಕ್ಕೂ ಕ್ಯಾಬು. "ಅಪ್ಪಾ, ಒಬ್ಬರೇ ಹೊರಗೆ ಹೋಗಬೇಡಿ, ಕಳೆದುಹೋಗ್ತೀರಿ" ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಆರು ತಿಂಗಳಲ್ಲಿ ನಡಿಗೆ ನಿಲ್ಲುತ್ತದೆ, ಜನರ ಜೊತೆ ಮಾತು ನಿಲ್ಲುತ್ತದೆ, ಮಿದುಳಿಗೆ ಹೊಸದೇನೂ ಸಿಗುವುದಿಲ್ಲ. ವ್ಯಾಯಾಮ ಇಲ್ಲದಿರುವುದು, ಒಂಟಿತನ, ಖಿನ್ನತೆ ಇವೆಲ್ಲ ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಿಸುವ ಅಂಶಗಳು. ದಾರಿ ಕಲಿಸಿಕೊಟ್ಟರೆ ಈ ಮೂರಕ್ಕೂ ಒಟ್ಟಿಗೆ ಮದ್ದು ಹಾಕಿದ ಹಾಗೆ.

*5. ನಕ್ಷೆ ಓದಲು ನಾಲ್ಕೇ ವಿಷಯ*

*ದಿಕ್ಕು:* ಸಾಮಾನ್ಯ ನಕ್ಷೆಯಲ್ಲಿ ಮೇಲ್ಭಾಗ ಉತ್ತರ. ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಉತ್ತರ, ಬಲಗೈ ದಕ್ಷಿಣ, ಬೆನ್ನು ಪಶ್ಚಿಮ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ 20ರ ನಂತರದ ಒಂದೆರಡು ದಿನ ಮಾತ್ರ. ಚಳಿಗಾಲದಲ್ಲಿ ಆಗ್ನೇಯಕ್ಕೆ, ಬೇಸಿಗೆಯಲ್ಲಿ ಈಶಾನ್ಯಕ್ಕೆ ಸ್ವಲ್ಪ ಸರಿಯುತ್ತಾನೆ. ಮೋಡ ಇದ್ದರೆ ಟೆರೇಸಿನ ಡಿಶ್ ಆಂಟೆನಾ ನೋಡಿ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲಿರುವುದರಿಂದ ನಮ್ಮ ದೇಶದಲ್ಲಿ ಒಂದು ಡಿಶ್ಶೂ ಉತ್ತರಕ್ಕೆ ಮುಖ ಮಾಡಿರುವುದಿಲ್ಲ.

*ಅಳತೆ:* ನಕ್ಷೆಯ ಮೂಲೆಯಲ್ಲಿ ಸಣ್ಣ ಅಳತೆಪಟ್ಟಿ ಇರುತ್ತದೆ. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಮಾಮೂಲಿ ನಡಿಗೆಯಲ್ಲಿ ಅದು 12ರಿಂದ 15 ನಿಮಿಷದ ದಾರಿ, ಹಿರಿಯರಿಗೆ ಇಪ್ಪತ್ತು ನಿಮಿಷ ಹಿಡಿಯಿರಿ.

*ಗುರುತುಗಳು:* ಆ ನಕ್ಷೆಗಳಲ್ಲಿ ನೀಲಿ ಎಂದರೆ ನೀರು, ಹಸಿರು ಕಾಡು, ಹಳದಿ ಸಾಗುವಳಿ ಭೂಮಿ, ಕಂದು ಗೆರೆಗಳು ಎತ್ತರ ತಗ್ಗು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು. ಶಾಲೆಯ ಭೂಗೋಳದಲ್ಲಿ ಓದಿದ್ದು ನೆನಪಾಗಬಹುದು. ಮಕ್ಕಳ ಪುಸ್ತಕದಲ್ಲಿ ಈಗಲೂ ಇದೆ.

*ನೀವಿರುವ ಜಾಗ:* ಮೊದಲು ನಕ್ಷೆಯಲ್ಲಿ ನಿಮ್ಮನ್ನು ಕಂಡುಕೊಳ್ಳಿ. ಆಮೇಲೆ ನಕ್ಷೆಯ ಉತ್ತರ ನಿಜವಾದ ಉತ್ತರಕ್ಕೆ ಹೊಂದುವಂತೆ ಹಾಳೆಯನ್ನೇ ತಿರುಗಿಸಿ. ಎಡಬಲದ ಗೊಂದಲ ಇಲ್ಲಿಗೆ ಮುಗಿಯುತ್ತದೆ. ಸ್ಟೇಷನ್ನಿನಲ್ಲೋ ಮಾಲ್‌ನಲ್ಲೋ ಹಾಕಿರುವ ದೊಡ್ಡ ನಕ್ಷೆಯ ಮುಂದೆ ನಿಂತು ಇದನ್ನು ಅಭ್ಯಾಸ ಮಾಡಬಹುದು.

*6. ನಿಮ್ಮ ನಗರದ ದೊಡ್ಡ ಗುರುತುಗಳು*

ಪ್ರತಿ ನಗರಕ್ಕೂ ಒಂದು ಬೆನ್ನೆಲುಬು ಇರುತ್ತದೆ. ಅದು ತಲೆಯಲ್ಲಿ ಕೂತರೆ ಉಳಿದದ್ದನ್ನು ಅದಕ್ಕೆ ಜೋಡಿಸಬಹುದು.

• *ಮುಂಬೈ:* ಅರಬ್ಬಿ ಸಮುದ್ರ ಪಶ್ಚಿಮಕ್ಕೆ. ವೆಸ್ಟರ್ನ್ ರೈಲು ಹೆಚ್ಚೂಕಡಿಮೆ ಉತ್ತರ ದಕ್ಷಿಣ ಓಡುತ್ತದೆ, ಚರ್ಚ್‌ಗೇಟ್ ದಕ್ಷಿಣದ ತುದಿ. ಅಂಧೇರಿ ಈಸ್ಟ್, ಅಂಧೇರಿ ವೆಸ್ಟ್ ಎಂಬ ಹೆಸರಿನಲ್ಲೇ ಹಳಿಯ ಯಾವ ಬದಿ ಎಂಬುದಿದೆ.
• *ಪುಣೆ:* ಸಿಂಹಗಡ ನಗರದ ನೈಋತ್ಯಕ್ಕೆ. ಮುಳಾ ಮತ್ತು ಮುಠಾ ನದಿಗಳು ನಗರದೊಳಗೇ ಕೂಡಿ ಪೂರ್ವಕ್ಕೆ ಹರಿಯುತ್ತವೆ.
• *ಚೆನ್ನೈ:* ಸಮುದ್ರ ಪೂರ್ವಕ್ಕೆ. ಮುಂಬೈನಿಂದ ವರ್ಗವಾಗಿ ಬಂದವರಿಗೆ ಮೊದಮೊದಲು ಎಲ್ಲ ತಿರುವುಮುರುವಾಗುವುದು ಇದರಿಂದಲೇ. ಅಣ್ಣಾ ಸಾಲೈ ಈಶಾನ್ಯದಿಂದ ನೈಋತ್ಯಕ್ಕೆ ಸಾಗುತ್ತದೆ.
• *ಹೈದರಾಬಾದ್:* ಚಾರ್‌ಮಿನಾರ್‌ನ ನಾಲ್ಕು ಕಮಾನುಗಳು ನಾಲ್ಕು ದಿಕ್ಕಿಗೆ. ಮೂಸಿ ನದಿ ಪಶ್ಚಿಮದಿಂದ ಪೂರ್ವಕ್ಕೆ. ಪಿವಿಎನ್ಆರ್ ಮೇಲ್ಸೇತುವೆಯ ಕಂಬದ ನಂಬರೇ ಅಲ್ಲಿ ವಿಳಾಸ.
• *ದೆಹಲಿ:* ಯಮುನೆ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತಾಳೆ. ಲಕ್ಷ್ಮೀನಗರ, ನೋಯ್ಡಾ ನದಿಯ ಪೂರ್ವಕ್ಕೆ. ಮೆಟ್ರೋದ ಹಳದಿ ಲೈನ್ ಉತ್ತರ ದಕ್ಷಿಣದ ಬೆನ್ನೆಲುಬು.

*7. ಮನೆಯವರೆಲ್ಲ ಮಾಡಬಹುದಾದ ಅಭ್ಯಾಸ*

• ಹೊರಡುವ ಮೊದಲು ಫೋನಿನಲ್ಲಿ ಪೂರ್ತಿ ದಾರಿ ಒಮ್ಮೆ ನೋಡಿ, ಮೂರು ಗುರುತು ನೆನಪಿಟ್ಟುಕೊಂಡು ಫೋನ್ ಜೇಬಿಗೆ ಹಾಕಿ. ತಪ್ಪಿದರೆ ಮಾತ್ರ ತೆಗೆಯಿರಿ.
• ಗೊತ್ತಿರುವ ದಾರಿಗೆ ಧ್ವನಿ ಬೇಡ. ನಕ್ಷೆಯ ದಿಕ್ಸೂಚಿ ಚಿಹ್ನೆ ಒತ್ತಿದರೆ ಉತ್ತರ ಮೇಲೆ ಬರುತ್ತದೆ, ಹಾಗೆ ನೋಡುವುದನ್ನು ರೂಢಿ ಮಾಡಿಕೊಳ್ಳಿ.
• ಹೋದ ದಾರಿಯಲ್ಲಿ ಆಗಾಗ ಹಿಂತಿರುಗಿ ನೋಡಿ. ಬರುವಾಗ ಅದೇ ರಸ್ತೆ ಬೇರೆಯಾಗಿ ಕಾಣುತ್ತದೆ. ಹಿರಿಯರು ತಪ್ಪುವುದು ಹೆಚ್ಚಾಗಿ ಮರಳುವಾಗಲೇ.
• ವಾರಕ್ಕೊಮ್ಮೆ ಮಕ್ಕಳನ್ನು ಮುಂದೆ ಬಿಟ್ಟು "ಇವತ್ತು ಮಾರ್ಕೆಟ್ಟಿಗೆ ನೀನೇ ಕರ್ಕೊಂಡು ಹೋಗು" ಎನ್ನಿ. ತಪ್ಪು ತಿರುವು ಹಿಡಿದರೂ ಒಂದೆರಡು ನಿಮಿಷ ಸುಮ್ಮನಿರಿ.

*ಊರಿನಿಂದ ಬಂದ ಹಿರಿಯರಿಗೆ:* ಮೊದಲ ವಾರ ಮನೆಯಿಂದ ದೇವಸ್ಥಾನ ಅಥವಾ ಪಾರ್ಕ್, ಒಂದೇ ದಾರಿ, ದಿನವೂ ಒಂದೇ ಹೊತ್ತಿಗೆ, ಜೊತೆಯಲ್ಲಿ ಹೋಗಿ. ಎರಡನೇ ವಾರ ಅವರು ಮುಂದೆ, ನೀವು ಹಿಂದೆ. ಆಮೇಲೆ ದೊಡ್ಡ ಹಾಳೆಯಲ್ಲಿ ಕೈನಕ್ಷೆ ಬರೆಯಲು ಅವರಿಗೇ ಹೇಳಿ. ಹಾಲಿನ ಬೂತು, ಮೆಡಿಕಲ್ ಅಂಗಡಿ, ಅರಳಿಮರ ಎಲ್ಲ ಕನ್ನಡದಲ್ಲಿ ಬರೆಯಲಿ. ಓದು ಬರಹ ಬಾರದ ಅಜ್ಜಿ ಚಿತ್ರ ಬರೆದರೆ ಸಾಕು. ಮೊಮ್ಮಕ್ಕಳನ್ನು ಜೊತೆಗೆ ಕೂರಿಸಿ. ಅಂಗಡಿಗೆ ಬಣ್ಣ ಬಳಿದರೆ, ಬೋರ್ಡು ಬದಲಾದರೆ ಗುರುತು ಹೋಗುತ್ತದೆ, ಹಾಗಾಗಿ ಮರ, ಸೇತುವೆ, ಗುಡಿಯಂಥ ಬದಲಾಗದ ಗುರುತುಗಳನ್ನೇ ಆರಿಸಿ.

ಜೇಬಿನಲ್ಲಿ ಒಂದು ಚೀಟಿ ಇರಲೇಬೇಕು. ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ *ಆ ಊರಿನ ಲಿಪಿಯಲ್ಲಿ* (ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ) ಹೆಸರು, ಬಿಲ್ಡಿಂಗ್ ಹೆಸರು, ಹತ್ತಿರದ ದೊಡ್ಡ ಗುರುತು, ಇಬ್ಬರ ಫೋನ್ ನಂಬರ್. ಫೋನ್ ಬ್ಯಾಟರಿ ಮುಗಿಯಬಹುದು, ಚೀಟಿ ಮುಗಿಯುವುದಿಲ್ಲ.

*8. ಯಾವುದು ಸಹಜ, ಯಾವುದಕ್ಕೆ ಡಾಕ್ಟರ ಬಳಿ ಹೋಗಬೇಕು?*

ಈ ಲೇಖನದಲ್ಲಿ ಬೇರೇನು ಮರೆತರೂ ಈ ಭಾಗ ನೆನಪಿಡಿ.

*ಸಹಜ:* ಹೊಸ ಊರಿಗೆ ಬಂದ ಮೊದಲ ತಿಂಗಳುಗಳಲ್ಲಿ ತಿರುವು ತಪ್ಪುವುದು. ಒಂದೇ ಥರದ ಟವರುಗಳಲ್ಲಿ ಬಿ ವಿಂಗ್ ಬದಲು ಸಿ ವಿಂಗ್‌ಗೆ ಹೋಗುವುದು. ಬೇರೆ ಗೇಟಿನಿಂದ ಹೊರಬಂದು ಗೊಂದಲವಾಗುವುದು. ಇಂಥವರು ತಪ್ಪನ್ನು ತಾವೇ ಗುರುತಿಸುತ್ತಾರೆ, ಕೇಳಿ ಸರಿಮಾಡಿಕೊಳ್ಳುತ್ತಾರೆ, ಮನೆಗೆ ಬಂದು ಏನಾಯಿತೆಂದು ಹೇಳುತ್ತಾರೆ.

*ಪರೀಕ್ಷೆ ಬೇಕು:*
• ವರ್ಷಗಳಿಂದ ನಡೆದ ದಾರಿಯಲ್ಲಿ ತಪ್ಪುವುದು. ಊರಿಗೆ ಹೋದಾಗ ತಮ್ಮದೇ ಬೀದಿಯಲ್ಲಿ ಗೊಂದಲವಾದರೆ ಇನ್ನೂ ಮುಖ್ಯ.
• ಮನೆಯೊಳಗೇ ಬಚ್ಚಲು, ಮಲಗುವ ಕೋಣೆ ಹುಡುಕುವುದು.
• ಎಲ್ಲಿಗೆ ಹೋಗಿದ್ದೆ, ಹೇಗೆ ಬಂದೆ ಎಂದು ಹೇಳಲಾಗದಿರುವುದು.
• ಜೊತೆಗೆ ಹಣದ ಲೆಕ್ಕ ತಪ್ಪುವುದು, ಕೇಳಿದ್ದನ್ನೇ ಕೇಳುವುದು, ಗೊತ್ತಿರುವ ಅಡುಗೆಯ ಕ್ರಮ ಮರೆಯುವುದು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. "ಅರವತ್ತಕ್ಕೆ ಅರಳುಮರಳು" ಎಂದು ತಳ್ಳಿಹಾಕಬೇಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಕಣ್ಣಿನ ಪೊರೆ, ಕಿವುಡಿನಿಂದ ಇರುವ ಗೊಂದಲ ಹೆಚ್ಚುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ.

*ಒಂದೆರಡು ದಿನದಲ್ಲಿ ದಿಢೀರನೆ* ಗೊಂದಲ ಶುರುವಾದರೆ ಕಾಯಬೇಡಿ. ಸೋಂಕು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿಯುವುದು, ಪಾರ್ಶ್ವವಾಯು ಕಾರಣವಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊರನಾಡಿನವರು ಇನ್ನೊಂದು ವಿಷಯ ಗಮನಿಸಬೇಕು. ನೆನಪಿನ ಪರೀಕ್ಷೆಯನ್ನು ಗೊತ್ತಿಲ್ಲದ ಭಾಷೆಯಲ್ಲಿ ಮಾಡಿದರೆ ಚೆನ್ನಾಗಿರುವವರಿಗೂ ಕಡಿಮೆ ಅಂಕ ಬರುತ್ತದೆ. "ಅಮ್ಮನಿಗೆ ಕನ್ನಡ ಮಾತ್ರ ಬರುತ್ತದೆ" ಎಂದು ಡಾಕ್ಟರಿಗೆ ಮೊದಲೇ ತಿಳಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಪರೀಕ್ಷೆಗಳಲ್ಲಿ ಕನ್ನಡದ ರೂಪವೂ ಇದೆ. ನೀವು ಅನುವಾದಿಸುವಾಗ ಉತ್ತರ ಮಾತ್ರ ಹೇಳಿಕೊಡಬೇಡಿ. ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕನ್ನಡದಲ್ಲೇ ತೋರಿಸಿಕೊಳ್ಳುವ ದಾರಿಯೂ ಇದೆ.

*9. ಯಾರಾದರೂ ದಾರಿ ತಪ್ಪಿಹೋದರೆ*

24 ಗಂಟೆ ಕಾಯಬೇಕು ಎಂಬುದು ತಪ್ಪು ತಿಳಿವಳಿಕೆ. ಕೂಡಲೇ *112*ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೆ ಹೋಗಿ. ಇತ್ತೀಚಿನ ಫೋಟೊ, ಅಂದು ಉಟ್ಟ ಬಟ್ಟೆಯ ಬಣ್ಣ, ಮಾತಾಡುವ ಭಾಷೆ ತಿಳಿಸಿ. ಒಬ್ಬರು ಮನೆಯಲ್ಲೇ ಇರಲಿ. "ಊರಿಗೆ ಹೋಗಬೇಕು" ಎಂದು ಪದೇಪದೇ ಹೇಳುವವರಾದರೆ ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್ ಮೊದಲು ನೋಡಿ. ಹಿರಿಯ ನಾಗರಿಕರ ಸಹಾಯವಾಣಿ *14567* ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತವಾಗಿ ಸಿಗುತ್ತದೆ. ಸಿಕ್ಕ ಮೇಲೆ ಗದರಬೇಡಿ, ಮೊದಲು ನೀರು ಕೊಡಿ. ಮರುದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ.

*ಕೊನೆಯದಾಗಿ*

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮೂರು ತಲೆಮಾರು ಒಟ್ಟಿಗೆ ಕೂತು ನಿಮ್ಮ ಬಡಾವಣೆಯ ನಕ್ಷೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಹಾಗೇ ಅಪ್ಪ ಅಮ್ಮನ ಬಾಯಿಂದ ಊರಿನ ನಕ್ಷೆಯನ್ನೂ ಬರೆಸಿಕೊಳ್ಳಿ. ಕೆರೆ ಎಲ್ಲಿತ್ತು, ಶಾಲೆಗೆ ಯಾವ ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದರು, ಜಾತ್ರೆ ಎಲ್ಲಿ ನಡೆಯುತ್ತಿತ್ತು, ಎಲ್ಲ ಕೇಳಿ. ಅವರ ನೆನಪಿಗೂ ಒಳ್ಳೆಯದು. ನಿಮ್ಮ ಮಕ್ಕಳಿಗೆ ಆ ದಾರಿ ಹೇಳಲು ಅವರನ್ನು ಬಿಟ್ಟರೆ ಬೇರೆ ಯಾರಿದ್ದಾರೆ?

*ಗಮನಿಸಿ:* ಇದು ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ನಿಮ್ಮ ವೈದ್ಯರನ್ನೇ ಕೇಳಿ. ಹಿರಿಯರಿರುವ ಕನ್ನಡ ಕುಟುಂಬಗಳಿಗೆ ತಪ್ಪದೇ ಕಳುಹಿಸಿ.

ಎಲ್ಲರಿಗೂ ಆರೋಗ್ಯ ಲಭಿಸಲಿ.